ಕುರಿ ಹಿಂದೆ ನಡೆದವರ ಚೀಲ

ತೆಲಿಗಿ
೩ ಏಪ್ರಿಲ್ ೨೦೨೫

ಹುಲುಗೇಶನಿಗೆ,

ನಾವೆಲ್ಲ ಕ್ಷೇಮ, ನಿನ್ನ ಕ್ಷೇಮ ತಿಳಿಸು ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕ್ಷೇಮ ಎಂದು ಬರೆಯಲು ನನಗೆ ಬರುವುದಿಲ್ಲ.

ನಿನ್ನ ನಂಬರ್ ಬ್ಲಾಕ್ ಮಾಡಿಸಿದ್ದೇನೆ. ಮಾಡಿದ್ದು ನನ್ನ ಮಗಳು ಶೃತಿ, ಹೇಳಿದ್ದು ನಾನು; ಸೋದರಸೊಸೆಯ ಮೇಲೆ ಸಿಟ್ಟಾಗಬೇಡ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡಿದರೆ ಸಾಕು, ನೆಟ್‌ವರ್ಕ್ ಇಲ್ಲ ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಕೊನೆಯವರೆಗೆ ಓದು.

ನಿನ್ನೆ ಕಾಂತೇಶ್ ಬಂದಿದ್ದ. ನೀನಿರುವ ಒಮಾನಿನ ಅದೇ ಸಲಾಲಾದಲ್ಲಿ ಲಾರಿ ಓಡಿಸುವ ನಮ್ಮ ಸೋದರಮಾವನ ಮಗನಿಗೆ ನೀನು ಇಂಥ ಕೆಲಸ ಹಚ್ಚಬಾರದಿತ್ತು. ಪಾಪ, ಚಪ್ಪಲಿ ಬಿಟ್ಟು ಒಳಗೆ ಬರುವುದಕ್ಕೂ ಹಿಂದೆ ಮುಂದೆ ನೋಡುತ್ತಿದ್ದ.

"ಅಕ್ಕಾ, ಹುಲುಗೇಶಣ್ಣ ದೇವರ ಚೀಲ ಕೊಟ್ಟು ಕಳ್ಸು ಅಂದಾನ. ನಾ ಮುಂದಿನ ವಾರ ಹೊಂಟೀನಿ. ನಾಣ್ಯ ಎಲ್ಲಾ ಕಾಲುಚೀಲದಾಗ ಸುತ್ತಿ ಚಟ್ನಿಪುಡಿ ಡಬ್ಬಿಯಾಗ ಇಡಬೇಕಂತ."

ದೇವರ ನಾಣ್ಯ ಕಾಲುಚೀಲದಲ್ಲಿ. ಇದನ್ನು ಹೇಳಿಕಳಿಸಲು ನಿನಗೆ ನಾಲಿಗೆ ಹೇಗೆ ಬಂತು? ಕಾಂತೇಶನಿಗೆ ಚಹಾ ಕೊಟ್ಟೆ, ರೊಟ್ಟಿ ಕಟ್ಟಿಕೊಟ್ಟೆ, ಶೇಂಗಾ ಚಟ್ನಿಪುಡಿಯನ್ನೂ ಕೊಟ್ಟೆ. ಡಬ್ಬಿಯಲ್ಲಿ ಚಟ್ನಿಪುಡಿ ಮಾತ್ರ ಇದೆ, ಹುಡುಕಬೇಡ.

ಆ ಚೀಲದಲ್ಲಿ ಏನಿದೆ ಎಂಬುದು ನಿನಗೆ ಮರೆತಿರಬೇಕು. ನೆನಪಿಸುತ್ತೇನೆ. ಮಂದೆ ಮೊದಲ ಸಲ ಕಾಲಿಟ್ಟ ಊರಿನಲ್ಲಿ, ಗೊಬ್ಬರಕ್ಕೆಂದು ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದ್ದಕ್ಕೆ ಹೊಲದವರು ಕೊಟ್ಟಿದ್ದರಲ್ಲಿ ಒಂದು ನಾಣ್ಯ ಮನೆದೇವರು ಬೀರಪ್ಪನ ಹೆಸರಿನಲ್ಲಿ ಚೀಲಕ್ಕೆ ಹೋಗಬೇಕು. ಅದನ್ನು ಖರ್ಚು ಮಾಡುವಂತಿಲ್ಲ. ಊರಿಗೊಂದೇ ನಾಣ್ಯ. ಅಜ್ಜನ ಕಾಲದಲ್ಲಿ ಹೊಳೆ ದಾಟಿದರೆ ನಿಜಾಮನ ಸೀಮೆ, ಈ ಕಡೆ ಇಳಿದರೆ ಮೈಸೂರು ಸೀಮೆ, ನಡುವೆ ನಾವು ಇಂಗ್ಲಿಷರ ಕೈಯಲ್ಲಿ. ಅದಕ್ಕೇ ಚೀಲದಲ್ಲಿ ರಾಣಿ ಛಾಪಿನ ರೂಪಾಯಿಯೂ ಇದೆ, ಚಾರ್‌ಮಿನಾರ್ ಇರುವ ನಿಜಾಮನ ರೂಪಾಯಿಯೂ ಇದೆ, ಮೈಸೂರಿನ ಆನೆ ಕಾಸೂ ಇದೆ. ಅದು ಹಣವಲ್ಲ, ನಮ್ಮ ಮನೆತನದವರು ನಡೆದ ದಾರಿ.

ಅಪ್ಪ ಸತ್ತ ಹನ್ನೊಂದನೇ ದಿನ ಜಂಬಣ್ಣ ದೊಡ್ಡಪ್ಪ ಗೂಟದ ಮೇಲಿದ್ದ ಚೀಲ ತೆಗೆದು ನಿನ್ನ ಹೆಗಲಿಗೆ ಹಾಕಿದರು. "ಕುರಿ ಹಿಂದ ಹೋಗಾಂವಗ ಚೀಲ. ನಮ್ಮ ಮನಿತನದಾಗ ಮೊದ್ಲಿಂದ ಹಿಂಗ ಐತಿ" ಅಂದರು. ನಾನು ಮುಸುರೆ ಕೈಯಲ್ಲಿ ಬಾಗಿಲ ಹತ್ತಿರ ನಿಂತಿದ್ದೆ. ನೀನು ನನ್ನ ಕಡೆ ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಮರುದಿನ ವಿಮಾನಕ್ಕೆ ಹೊತ್ತಾಯಿತು ಎಂದು ಚೀಲವನ್ನು ಮತ್ತೆ ಅದೇ ಗೂಟಕ್ಕೆ ನೇತುಹಾಕಿ ಹೊರಟುಹೋದೆ.

ನೀನು ಊರು ಬಿಟ್ಟು ಹೋಗಿ ಹದಿನಾಲ್ಕು ವರ್ಷ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಆ ಮಂದೆಯ ಹಿಂದೆ ನಡೆದದ್ದು ಯಾರು? ಊರಿಗೆಲ್ಲ ಗೊತ್ತಿದೆ. ದೊಡ್ಡಪ್ಪನಿಗೂ ಗೊತ್ತಿದೆ. ಗೊತ್ತಿದ್ದೂ ಆ ದಿನ ಯಾರೂ ಹೇಳಲಿಲ್ಲ.

ಚೀಲ ಕೊಡುವುದಿಲ್ಲ.

ಪಂಪಮ್ಮ
(ಅಕ್ಕ ಎಂದು ಬರೆಯಲು ಈಗ ಮನಸ್ಸಿಲ್ಲ)


ಸಲಾಲಾ, ಒಮಾನ್
೨೭ ಏಪ್ರಿಲ್ ೨೦೨೫

ಅಕ್ಕನಿಗೆ ಹುಲುಗೇಶನ ನಮಸ್ಕಾರ.

ಚಟ್ನಿಪುಡಿ ತಲುಪಿತು. ಕಾಗದವೂ ತಲುಪಿತು. ಎರಡರಲ್ಲಿ ಖಾರ ಯಾವುದಕ್ಕೆ ಹೆಚ್ಚಾಗಿದೆ ಎಂದು ಕಾಂತೇಶ್ ಕೇಳುತ್ತಿದ್ದಾನೆ.

ಚೀಲ ನಾನು ಕೇಳಿ ಪಡೆದದ್ದಲ್ಲ. ದೊಡ್ಡಪ್ಪ ಹತ್ತು ಜನರ ಮುಂದೆ ನನ್ನ ಹೆಗಲಿಗೆ ಹಾಕಿದರು. ಬೇಡ ಎಂದು ತೆಗೆದಿಡಲು ಆಗುತ್ತಿತ್ತೇ? ನಾನೂ ಕುರಿ ಕೆಲಸದಲ್ಲೇ ಇದ್ದೇನಲ್ಲ. ಸೋದರಮಾವ ಟ್ರ್ಯಾಕ್ಟರ್ ತಗೊಂಡರು, ಕಾಂತೇಶ್ ಲಾರಿ ಹಿಡಿದ, ನಾನೊಬ್ಬನೇ ಕುರಿ ಬಿಡಲಿಲ್ಲ. ಇಲ್ಲಿಯ ಫಾರ್ಮ್ ನೀನು ನೋಡಬೇಕು ಅಕ್ಕ. ನಮ್ಮ ತೆಲಿಗಿಯ ಅರ್ಧದಷ್ಟು ಉದ್ದದ ಶೆಡ್ಡು. ಮೇಲೆ ಫ್ಯಾನು, ಬಿಸಿಲು ಜಾಸ್ತಿಯಾದರೆ ತುಂತುರು ನೀರು. ಮೇವು ಬೆಲ್ಟಿನ ಮೇಲೆ ತಾನೇ ಬಾಯಿಯ ಹತ್ತಿರ ಬರುತ್ತದೆ. ಪ್ರತಿ ಕುರಿಯ ಕಿವಿಯಲ್ಲಿ ಬಿಲ್ಲೆ, ಕಂಪ್ಯೂಟರಿನಲ್ಲಿ ಅದರ ಲೆಕ್ಕ. ಅದನ್ನೆಲ್ಲ ನೋಡಿಕೊಳ್ಳುವವನು ನಾನು.

ಚೀಲ ಯಾಕೆ ಬೇಕಾಯಿತು ಎಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ನಮ್ಮ ಮಾಲೀಕ ವಯಸ್ಸಾದ ಮನುಷ್ಯ. ಒಂದು ದಿನ ತನ್ನಪ್ಪನ ಪೆಟ್ಟಿಗೆ ತೆಗೆದು ತೋರಿಸಿದ. ಒಳಗೆ ನಮ್ಮ ಚೀಲದಲ್ಲಿರುವ ಅದೇ ಬೋಳು ತಲೆಯ ಇಂಗ್ಲಿಷ್ ರಾಜನ ರೂಪಾಯಿಗಳು. ಹಿಂದೆ ಇಲ್ಲಿ ನಮ್ಮ ಕಡೆಯ ರೂಪಾಯಿಯೇ ನಡೆಯುತ್ತಿತ್ತಂತೆ. ಇಂಥವು ನಮ್ಮ ಮನೆಯಲ್ಲೂ ಇವೆ ಎಂದೆ. ಮುದುಕ ನಕ್ಕುಬಿಟ್ಟ. ಕುರಿ ಕಾಯುವವನ ಮನೆಗೆ ಬೆಳ್ಳಿ ರೂಪಾಯಿ ಎಲ್ಲಿಂದ ಬಂತು ಎಂದು ಎಲ್ಲರೆದುರು ಕೇಳಿದ. ಎಲ್ಲರೂ ನಕ್ಕರು. ನಗು ನಿಂತ ಮೇಲೂ ನನ್ನ ಕಿವಿ ಬಿಸಿಯಾಗಿಯೇ ಇತ್ತು. ಚೀಲ ತಂದು ಅವನ ಮುಂದೆ ಸುರಿಯಬೇಕು, ಇದು ನಮ್ಮಜ್ಜನದು, ಇದು ನಮ್ಮಪ್ಪನದು ಎನ್ನಬೇಕು. ಮಾರುವುದಕ್ಕಲ್ಲ, ಬೀರಪ್ಪನ ಆಣೆ.

ಕಾಲುಚೀಲದ ಮಾತು ತಪ್ಪು, ಬಿಡು. ಈಗ ಸರಿಯಾಗಿ ಕೇಳಿ ತಿಳಿದುಕೊಂಡಿದ್ದೇನೆ. ನಾಣ್ಯವನ್ನು ಮುಖ ಮುಟ್ಟದೆ ಅಂಚು ಹಿಡಿದು ಎತ್ತಬೇಕು. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಮಡಿಸಬೇಕು, ಪ್ಲಾಸ್ಟಿಕ್ ಆಗದು. ಅರಿಶಿನದ ಭಂಡಾರ ಹಚ್ಚಬೇಡ. ದೀಪಾವಳಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತೀಯಲ್ಲ, ಅದನ್ನಂತೂ ನಿಲ್ಲಿಸು. ತಿಕ್ಕಿದರೆ ಹಳೆಯ ಬಣ್ಣ ಹೋಗಿ ನಾಣ್ಯದ ಆಯಸ್ಸೇ ಕಡಿಮೆಯಾಗುತ್ತದಂತೆ.

ದಸರೆಗೆ ರಜೆ ಸಿಗುತ್ತದೆ. ನಾನೇ ಬರುತ್ತೇನೆ.

ನಿನ್ನ ತಮ್ಮ
ಹುಲುಗೇಶ


ತೆಲಿಗಿ
೨೫ ಮೇ ೨೦೨೫

ಹುಲುಗೇಶ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ನಗು ಬಂತು. ನಕ್ಕು ಮುಗಿದ ಮೇಲೆ ಮತ್ತೆ ಸಿಟ್ಟು ಬಂತು.

ನಿನ್ನ ಕುರಿಗಳು ಫ್ಯಾನಿನ ಕೆಳಗೆ ನಿಂತಿವೆ. ಮೇವು ಅವುಗಳ ಬಾಯಿಗೇ ಬರುತ್ತದೆ. ಹಾಗಾದರೆ ನೀನು ಯಾವುದರ ಹಿಂದೆ ನಡೆಯುತ್ತೀ? ನಿಂತ ಕುರಿಯ ಹಿಂದೆ ನಡೆಯುವುದು ಹೇಗೆ ಎಂದು ನನಗೂ ಬರೆದು ತಿಳಿಸು, ಕಲಿಯುತ್ತೇನೆ. ಮುಳ್ಳು ತುಳಿಯುವುದಾದರೂ ತಪ್ಪುತ್ತದೆ.

ನಡೆಯುವುದು ಎಂದರೆ ಏನು ಎಂದು ಹೇಳಲೇ? ಹೋದ ವರ್ಷ ಕಾರಹುಣ್ಣಿಮೆಗೆ ಮೊದಲು ಹೊಳೆ ದಂಡೆಯಿಂದ ವಾಪಸ್ ಬರುವಾಗ ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಲಾರಿಯವನೊಬ್ಬ ಮಂದೆಯೊಳಗೆ ನುಗ್ಗಿಸಿದ್ದು ನಿನಗೆ ಗೊತ್ತಿಲ್ಲ. ನಾನು ರಸ್ತೆಗೆ ಅಡ್ಡ ಕೂತೆ. "ಎದ್ದೇಳವ್ವ, ಜೀವ ಬ್ಯಾಡಾ ನಿನಗ" ಅಂದ. "ನನ್ನ ಕುರಿ ಎದ್ದು ಬಂದ್ರ ನಾನೂ ಏಳ್ತೀನಿ" ಅಂದೆ. ಇಳಿದು ಬಂದು ಕೈಮುಗಿದ ಮೇಲೆಯೇ ಎದ್ದೆ. ಮರಿ ಹಾಕಿದ ಕುರಿಯನ್ನು ಬಿಟ್ಟು ಬರಲಾಗದೆ ಮರಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಕೋಗಳಿಯಿಂದ ಬಂದದ್ದು, ಹೊಲದವರು "ಗಂಡಸ್ರು ಯಾರೂ ಇಲ್ಲೇನು, ಮಾತಾಡಾಕ" ಎಂದು ನನ್ನ ತಲೆಯ ಮೇಲಿಂದ ಆಚೆ ನೋಡುವುದು, ಇವೆಲ್ಲ ನಿನ್ನ ಕಂಪ್ಯೂಟರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಮತ್ತೆ ಒಂದು ಮಾತು. ಚೀಲದಲ್ಲಿ ಹತ್ತು ರೂಪಾಯಿಯ ಹಳದಿ ಅಂಚಿನ ನಾಣ್ಯಗಳಿವೆ, ಕಂಡಿದ್ದೀಯಾ? ಅಂಗಡಿಯವರು ನಡೆಯುವುದಿಲ್ಲ ಎಂದು ಮುಖ ತಿರುಗಿಸುವ ಅವೇ ನಾಣ್ಯಗಳು. ಅವು ನನ್ನ ಮಂದೆ ಮೊದಲ ಸಲ ಕಾಲಿಟ್ಟ ಊರುಗಳವು. ತಂದು ಅಪ್ಪನ ಕೈಗೆ ಕೊಡುತ್ತಿದ್ದೆ. ಅಪ್ಪ ಹಾಸಿಗೆಯಲ್ಲೇ ಎದ್ದು ಕೂತು, ಊರಿನ ಹೆಸರು ಕೇಳಿ, ಭಂಡಾರ ಮುಟ್ಟಿಸಿ ಚೀಲಕ್ಕೆ ಹಾಕುತ್ತಿದ್ದ. ಒಂದು ಸಲವೂ, ನೀನು ಹೆಣ್ಣು, ನಿನ್ನದು ಬೇಡ ಎನ್ನಲಿಲ್ಲ. ಆ ಹತ್ತು ರೂಪಾಯಿಗಳು ಯಾರ ಕಾಲಿನವು? ಇದೊಂದಕ್ಕೆ ಉತ್ತರ ಕೊಡು.

ನೀನು ನಡೆದದ್ದು ಒಂದೇ ಬೇಸಿಗೆ, ಐದನೇ ಕ್ಲಾಸು ಮುಗಿಸಿದಾಗ. ಹಡಗಲಿ ದಾರಿಯಲ್ಲಿ ಸೋಗಿ ಮುಟ್ಟುವಷ್ಟರಲ್ಲಿ ಎರಡೂ ಅಂಗಾಲು ಬೊಬ್ಬೆ. ಅಲ್ಲಿಂದ ಅಪ್ಪ ನಿನ್ನನ್ನು ಬಸ್ಸು ಹತ್ತಿಸಿ ಕಳಿಸಿದ. ಅದಾದ ಮೇಲೆ ನೀನು ಕುರಿಯ ಹಿಂದೆ ಹೋದದ್ದು ನಾನು ಕಾಣೆ.

ಭಂಡಾರ ಹಚ್ಚಬಾರದಂತೆ. ಅರಿಶಿನ ಪುಡಿಯನ್ನು ನಾವು ಭಂಡಾರ ಎಂದು ಕಣ್ಣಿಗೊತ್ತಿಕೊಂಡು ಹಚ್ಚಿದ್ದಕ್ಕೇ ಆ ನಾಣ್ಯಗಳು ಇಷ್ಟು ವರ್ಷ ಕಳ್ಳರ ಕಣ್ಣಿಗೆ ಬೀಳದೆ ಉಳಿದಿವೆ. ದೇವರದ್ದು ಎಂದರೆ ಯಾರೂ ಮುಟ್ಟುವುದಿಲ್ಲ. ಹುಣಸೆಹಣ್ಣಿನ ವಿಚಾರ ಮಾತ್ರ ಶೃತಿಯೂ ಹೇಳಿದಳು, ಅದನ್ನು ಬಿಡುತ್ತೇನೆ.

ನಿನ್ನ ಮಾಲೀಕ ನಕ್ಕದ್ದು ನನಗೂ ಸೇರಲಿಲ್ಲ. ಅವನ ಮುಂದೆ ಸುರಿಯಬೇಕು ಎನ್ನುವ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೇ ಹೇಳುತ್ತೇನೆ. ದಸರೆಗೆ ಬಾ. ದೊಡ್ಡಪ್ಪನ ಮುಂದೆ, ಆ ದಿನ ಕೂತಿದ್ದ ಅದೇ ಜನರ ಮುಂದೆ, ಒಂದೇ ಮಾತು ಹೇಳು: ಕುರಿ ಹಿಂದೆ ನಡೆದವಳು ನಮ್ಮಕ್ಕ, ಚೀಲ ಅವಳದು. ಅಷ್ಟು ಹೇಳಿದರೆ ನಾನೇ ನನ್ನ ಕೈಯಿಂದ ಚೀಲ ಕೊಡುತ್ತೇನೆ. ಒಯ್ದು ತೋರಿಸಿ ತಂದುಕೊಡು. ನನಗೆ ಬೇಕಾಗಿರುವುದು ನಾಣ್ಯಗಳಲ್ಲ.

ಪಂಪಮ್ಮ


ತೆಲಿಗಿ
೧೦ ಅಕ್ಟೋಬರ್ ೨೦೨೫

ಹುಲುಗೇಶ,

ನೀನು ಬಂದೆ. ಹೋಳಿಗೆ ಉಂಡೆ. ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ದೊಡ್ಡಪ್ಪನ ಪಕ್ಕದಲ್ಲೇ ಕೂತು ಎಲೆಯಡಿಕೆ ಹಾಕಿದೆ. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ನಾನು ಒಳಗಿಂದ ಕಿವಿಗೊಟ್ಟು ಕಾದೆ. ಆಮೇಲೆ ಕೋಗಳಿಯ ಹತ್ತಿರ ಮಂದೆಯಲ್ಲಿ ಕಾಲುಬೇನೆ ಎಂದು ಸುದ್ದಿ ಬಂತು. ಕುರಿ ಹಿಂದೆ ಹೋಗುವವಳಲ್ಲವೇ, ಹೋಗಲೇಬೇಕಾಯಿತು.

ವಾಪಸ್ ಬಂದಾಗ ಗೂಟ ಬರಿದಾಗಿತ್ತು.

ಮನೆಯಲ್ಲಿದ್ದ ನನ್ನ ಗಂಡನಿಗೆ, "ನಂದೇ ಅಲ್ಲೇನ್ ಮಾವ, ದೊಡ್ಡಪ್ಪ ಕೊಟ್ಟಿದ್ದು" ಅಂದೆಯಂತೆ. ಅವರು ಏನು ಹೇಳಿಯಾರು? ಹೆಂಡತಿಯ ತವರಿನ ವಿಚಾರ ಎಂದು ಸುಮ್ಮನಾದರು. ಅವರ ಮೇಲೂ ಎರಡು ದಿನ ಮಾತು ಬಿಟ್ಟಿದ್ದೆ.

ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಅದು ಬೇರೆ. ನೀನು ಕೇಳಲಿಲ್ಲ. ನಾನು ಕುರಿಯ ಹುಣ್ಣು ತೊಳೆಯುತ್ತಿದ್ದ ಹೊತ್ತಿನಲ್ಲಿ ಕುರಿ ಹಿಂದೆ ಹೋಗುವವರ ಚೀಲ ಒಯ್ದೆ. ನಾಚಿಕೆಯಾಗಬೇಕು ನಿನಗೆ.

ಇದೇ ಕೊನೆಯ ಕಾಗದ ಎಂದು ತಿಳಿ.

ಪಂಪಮ್ಮ


ಸಲಾಲಾ
೧೬ ಅಕ್ಟೋಬರ್ ೨೦೨೫

ಅಕ್ಕನಿಗೆ,

ನೀನು ಬೈದು ಬರೆದ ಕಾಗದ ದಾರಿಯಲ್ಲಿರಬೇಕು. ಅದು ಬರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಚೀಲ ನನ್ನ ಹತ್ತಿರ ಇಲ್ಲ. ವಿಮಾನ ನಿಲ್ದಾಣದಲ್ಲಿ ಇರಿಸಿಕೊಂಡರು.

ಕದ್ದು ಒಯ್ಯಲು ಹೋಗಿರಲಿಲ್ಲ. ಒಂದೊಂದನ್ನೂ ಬಿಳಿ ಕಾಗದದಲ್ಲಿ ಮಡಿಸಿ, ಕಳೆದೀತು ಎಂದು ದೊಡ್ಡ ಸೂಟ್‌ಕೇಸಿಗೆ ಹಾಕದೆ, ಕೈಯಲ್ಲೇ ಹಿಡಿದಿದ್ದೆ. ನಾನೇ ಕಸ್ಟಮ್ಸ್‌ನವರ ಮೇಜಿಗೆ ಹೋಗಿ, ದೇವರ ನಾಣ್ಯ ಒಯ್ಯುತ್ತಿದ್ದೇನೆ, ನೋಡಿ ಸೀಲು ಹಾಕಿಕೊಡಿ ಎಂದೆ. ನಾನಾಗಿ ತೋರಿಸಿದ್ದಕ್ಕೇ ಕೇಸು ಹಾಕದೆ ಬಿಟ್ಟರು. ಅಲ್ಲಿದ್ದ ಮೇಡಂ ಒಂದೊಂದೇ ಬಿಚ್ಚಿ ಭೂತಗನ್ನಡಿ ಹಿಡಿದು ವರ್ಷ ನೋಡಿದರು. ಅವರ ಬಿಳಿ ಕೈಗವಸೆಲ್ಲ ಅರಿಶಿನವಾಯಿತು.

"ನೂರು ವರ್ಷಕ್ಕಿಂತ ಹಳೆಯ ನಾಣ್ಯ ದೇಶ ಬಿಟ್ಟು ಹೋಗುವ ಹಾಗಿಲ್ಲ" ಅಂದರು.

"ಮೇಡಂ, ಇದು ನಮ್ಮಜ್ಜ ಗಳಿಸಿದ್ದು. ಸರ್ಕಾರದ್ದಲ್ರಿ."

"ಯಾರು ಗಳಿಸಿದ್ದಾದರೂ ಕಾನೂನು ಒಂದೇ."

ನನಗೆ ತಡೆಯಲಾಗಲಿಲ್ಲ ಅಕ್ಕ. "ನಮ್ಮಜ್ಜ ಇದೇ ಚೀಲ ಹೆಗಲಿಗೆ ಹಾಕ್ಕೊಂಡು ನಿಜಾಮನ ಗಡಿ ದಾಟ್ಯಾನ, ಮೈಸೂರು ಗಡಿ ದಾಟ್ಯಾನ. ಆಗ ಯಾರೂ ಕೇಳಲಿಲ್ಲ. ಓದು ಬರಹ ಇಲ್ಲದ ಕುರಿಗಾರನ್ನ ಬಿಟ್ಟವ್ರು, ಪಾಸ್‌ಪೋರ್ಟ್ ಇರೋ ಮೊಮ್ಮಗನ್ನ ಹಿಡೀತೀರಲ್ಲ" ಎಂದು ಜೋರಾಗಿಯೇ ಕೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ಗುಡ್ಡೆ ಮಾಡಿ ಇಟ್ಟರು. ಹಳೆಯದು ಒಂದು ಕಡೆ, ಹೊಸದು ಒಂದು ಕಡೆ. ಹೊಸದನ್ನು ಬೇಕಾದರೆ ಒಯ್ಯಬಹುದು ಎಂದರು. ಬರೆದುಕೊಳ್ಳುವುದಕ್ಕಾಗಿ, ಯಾವುದು ಯಾರು ಗಳಿಸಿದ್ದು ಎಂದು ಕೇಳಿದರು.

ಇದು ಅಜ್ಜ ಅಂದೆ. ಇದು ಅಪ್ಪ ಅಂದೆ. ಆಮೇಲೆ ಆ ಹತ್ತು ರೂಪಾಯಿಗಳನ್ನು ತೋರಿಸಿ, ಇವು ಎಂದರು. ನೀನು ಕೇಳಿದ್ದ ಅದೇ ಪ್ರಶ್ನೆ. "ನಮ್ಮಕ್ಕ" ಅಂದೆ. ಆಕೆ ತಲೆಯೆತ್ತಿ ನನ್ನನ್ನೇ ನೋಡಿದರು. "ನೀವು ಗಳಿಸಿದ್ದು ಯಾವುದು?" ಎಂದರು. ನನಗೆ ಏನೂ ತೋಚಲಿಲ್ಲ.

ಹೊಸದನ್ನಷ್ಟೇ ತೆಗೆದುಕೊಂಡು ಬರಲು ಮನಸ್ಸಾಗಲಿಲ್ಲ. ಅರ್ಧ ದಾರಿ ಕಿತ್ತುಕೊಂಡು ಹೋಗಿ ನಾನೇನು ಮಾಡಲಿ? ಎಲ್ಲವನ್ನೂ ಮತ್ತೆ ಒಂದೇ ಚೀಲಕ್ಕೆ ತುಂಬಿ ಕೊಟ್ಟು ರಸೀದಿ ಪಡೆದೆ. ಇಲ್ಲಿಯೇ ಇರುವ ಮನೆಯವರು ಬಂದು, ಇದನ್ನು ಕಾಯುವವರು ನಾವು, ಇದು ದೇಶದೊಳಗೇ ಇರುತ್ತದೆ ಎಂದು ಬರೆದುಕೊಟ್ಟರೆ ಬಿಡುತ್ತಾರಂತೆ. ಜನವರಿ ಕಳೆದರೆ ಸರ್ಕಾರಕ್ಕೆ ಸೇರಿಹೋಗುತ್ತದೆ ಎಂದರು. ಕಾಯುವವರ ಹೆಸರು ಕೇಳಿದಾಗ ನಿನ್ನ ಹೆಸರು ಬರೆಸಿದ್ದೇನೆ. ರಸೀದಿ ಈ ಕಾಗದದೊಳಗಿದೆ.

ಹೋಗಿ ಬಿಡಿಸಿಕೊಂಡು ಬಾ ಅಕ್ಕ. ನನ್ನ ಮೇಲಿನ ಸಿಟ್ಟು ಚೀಲದ ಮೇಲೆ ತೋರಿಸಬೇಡ.

ನಿನ್ನ
ಹುಲುಗೇಶ


ತೆಲಿಗಿ
೧೪ ನವೆಂಬರ್ ೨೦೨೫

ಹುಲುಗೇಶ,

ಕೊನೆಯ ಕಾಗದ ಎಂದು ಬರೆದಿದ್ದೆ. ನನ್ನ ಮಾತನ್ನು ನಾನೇ ಮುರಿಯುವ ಹಾಗೆ ಮಾಡಿದೆ, ಅದೂ ನಿನ್ನ ಲೆಕ್ಕಕ್ಕೇ ಸೇರಲಿ.

ಚೀಲ ಕಾಯುವವಳು ನಾನು ಎಂದು ನಾನೇ ಬರೆದುಕೊಡಬೇಕಂತೆ. ಯುಗಾದಿಯಿಂದ ನಾನು ಬಾಯಿ ಬಡಿದುಕೊಂಡು ಹೇಳಿದ್ದು ಇದನ್ನೇ ಅಲ್ಲವೇ? ನಿನ್ನ ವಿಮಾನ ತಪ್ಪುವ ಹೊತ್ತಿಗೆ ನನ್ನ ಹೆಸರು ನೆನಪಾಯಿತು. ಗುರುತು ಪರಿಚಯ ಇಲ್ಲದ ಹೆಣ್ಣುಮಗಳು ಕೇಳಿದ ತಕ್ಷಣ ನಮ್ಮಕ್ಕ ಎಂದು ಬಾಯಿಗೆ ಬಂತು. ದೊಡ್ಡಪ್ಪನ ಮಗ್ಗುಲಲ್ಲಿ ಎಲೆಯಡಿಕೆ ಹಾಕುತ್ತಿದ್ದಾಗ ಆ ಬಾಯಿಗೆ ಏನಾಗಿತ್ತು?

ಗಡಿಯ ಮಾತು ತೆಗೆದು ಕೂಗಾಡಿದೆಯಂತೆ. ನನಗೂ ಸಿಟ್ಟು ಬರುತ್ತದೆ. ನಮ್ಮ ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಹಾಕಿದರು, ದಾವಣಗೆರೆಯಿಂದ ಕಿತ್ತು ಬಳ್ಳಾರಿಗೆ ತಂದರು, ಈಗ ವಿಜಯನಗರ ಅಂತಾರೆ. ನಾವು ಕೂತಲ್ಲೇ ಕೂತಿದ್ದೇವೆ, ಗೆರೆ ಮಾತ್ರ ನಮ್ಮ ಮೇಲೆ ಹಾದುಹೋಗುತ್ತದೆ. ಆದರೂ ಆ ಮೇಡಂ ಕಾನೂನನ್ನು ನಿನ್ನ ಮುಖಕ್ಕೇ ಹೇಳಿದರು. ನಿನ್ನ ಹಾಗೆ ನಾನು ಊರಲ್ಲಿಲ್ಲದ ಹೊತ್ತು ನೋಡಲಿಲ್ಲ. ಆಕೆಯ ಮೇಲೆ ಅರ್ಧ ಸಿಟ್ಟು, ನಿನ್ನ ಮೇಲೆ ಪೂರ್ತಿ.

ನಾನು ಹೋಗುವುದಿಲ್ಲ. ರಸೀದಿಯನ್ನು ದೇವರ ಮುಂದೆ ಇಟ್ಟಿದ್ದೇನೆ. ನೀನು ದೊಡ್ಡಪ್ಪನಿಗೆ ಕಾಗದ ಬರೆ. ನನಗಲ್ಲ, ಅವರಿಗೆ. ಫೋನು ಮಾಡಬೇಡ, ಫೋನಿನಲ್ಲಿ ಹೇಳಿದ್ದನ್ನು ನಾಳೆ ಹೇಳಲಿಲ್ಲ ಎನ್ನಬಹುದು. ಆ ದಿನ ಕೂತಿದ್ದವರ ಮುಂದೆ ಅದನ್ನು ಓದಿಸುತ್ತೇನೆ. ಓದಿದ ಮೇಲೆ ಹೊರಡುತ್ತೇನೆ. ಅಲ್ಲಿಯವರೆಗೆ ಜನವರಿ ಕಳೆದರೂ ಸರಿ, ಸರ್ಕಾರಕ್ಕೆ ಹೋದರೂ ಸರಿ. ಈ ಸಾಲಿನ ಮೇಲೆ ಗೀಟು ಎಳೆಯಲು ಪೆನ್ನು ಇಟ್ಟಿದ್ದೆ. ಆದರೂ ಹೊಡೆದುಹಾಕುವುದಿಲ್ಲ.

ಪಂಪಮ್ಮ


ಸಲಾಲಾ
೨ ಡಿಸೆಂಬರ್ ೨೦೨೫

ಪೂಜ್ಯ ಜಂಬಣ್ಣ ದೊಡ್ಡಪ್ಪನವರಿಗೆ ಹುಲುಗೇಶ ಸಾಷ್ಟಾಂಗ ಮಾಡಿ ಬರೆಯುವುದು.

ಈ ಕಾಗದವನ್ನು ಶೃತಿ ಓದಿ ಹೇಳಬೇಕು. ಅಪ್ಪನ ಹನ್ನೊಂದನೇ ದಿನಕ್ಕೆ ಕೂತಿದ್ದವರೆಲ್ಲ ಇರಬೇಕು. ಓದುವಾಗ ಅಕ್ಕ ಬಾಗಿಲ ಹತ್ತಿರ ನಿಂತಿರುವುದು ಬೇಡ. ಕರೆದು ಕಂಬಳಿಯ ಮೇಲೆ ಕೂರಿಸಿ, ಆಮೇಲೆ ಶುರು ಮಾಡಿ.

ದೊಡ್ಡಪ್ಪ, ಕುರಿ ಹಿಂದೆ ಹೋಗುವವನಿಗೆ ಚೀಲ ಎಂದು ನೀವು ಹೇಳಿದ್ದು ಸರಿ. ಹಾಕಿದ ಹೆಗಲು ತಪ್ಪು. ಇಲ್ಲಿ ಕುರಿ ಬಹಳ ಇವೆ, ಆದರೆ ಅವು ಶೆಡ್ಡು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅವುಗಳ ಹಿಂದೆ ನಾನೂ ಎಲ್ಲಿಗೂ ಹೋಗಿಲ್ಲ. ಅಪ್ಪನ ಕಾಲು ಹೋದ ಮೇಲೆ ಮಂದೆಯ ಹಿಂದೆ ನಡೆದವಳು ಪಂಪಕ್ಕ. ಅವಳು ಹೊಸ ಊರಿನಿಂದ ತಂದ ನಾಣ್ಯವನ್ನು ಅಪ್ಪ ತನ್ನ ಕೈಯಿಂದಲೇ ಚೀಲಕ್ಕೆ ಹಾಕಿದ್ದಾನೆ. ಅಪ್ಪ ಒಪ್ಪಿದ್ದನ್ನು ನಾವು ಒಪ್ಪದೆ ಇರಲು ಯಾರು?

ಕುರಿ ಹಿಂದೆ ನಡೆದವಳು ನಮ್ಮಕ್ಕ. ಚೀಲ ಅವಳದು.

ಇದನ್ನು ನಿಮ್ಮೆದುರು ಕೂತು ಹೇಳುವ ಧೈರ್ಯ ನನಗೆ ಬರಲಿಲ್ಲ. ನಮ್ಮ ಮನೆಯಲ್ಲಿ ನೀವು ಆಡಿದ್ದಕ್ಕೆ ಯಾರೂ ತಿರುಗಿ ಮಾತಾಡಿದ್ದಿಲ್ಲ. ಈಗ ಆಡಿದ್ದೇನೆ. ಬೈಯುವುದಾದರೆ ನನ್ನನ್ನು ಬೈಯಿರಿ.

ನಿಮ್ಮ ಮಗ
ಹುಲುಗೇಶ


ತೆಲಿಗಿ
೧೮ ಜನವರಿ ೨೦೨೬

ಹುಲುಗೇಶನಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಕಾಲುಬೇನೆ ಬಂದಿದ್ದ ಕುರಿಗಳೂ ಕ್ಷೇಮ.

ನಿನ್ನ ಕಾಗದ ಬಂದ ದಿನ ದೊಡ್ಡಪ್ಪ ಅದನ್ನು ಒಡೆಯದೆ ಎಲ್ಲರನ್ನೂ ಕರೆಸಿದರು. ನನ್ನನ್ನು ಕಂಬಳಿಯ ಮೇಲೆ ಕೂರಿಸಬೇಕು ಎಂದು ಶೃತಿ ಓದಿದಾಗ ಅವರು ಕೂತಲ್ಲಿಂದ ಸ್ವಲ್ಪ ಸರಿದರು. ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನೇ ಹೋಗಿ ಕೂತೆ. ಓದಿ ಮುಗಿಸಿದ ಮೇಲೆ ಶೃತಿ ಕಾಗದ ಮಡಿಸಿ ಅವರ ಕೈಗೆ ಕೊಟ್ಟಳು. ಆಮೇಲೆ ದೊಡ್ಡಪ್ಪ, "ಹೋಗಿ ಚೀಲ ಬಿಡಿಸ್ಕೊಂಡ್ ಬಾ ಮದ್ಲ" ಅಂದರು.

ನಾನು, ಶೃತಿ ಬಸ್ಸಿನಲ್ಲಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರ ಹತ್ತಿರ ಹೋದೆವು. ನೀನು ಕೂಗಾಡಿದ ಮೇಡಂ ಅಲ್ಲಿಯೇ ಇದ್ದರು. "ಪಂಪಮ್ಮ ಅಂದ್ರೆ ನೀವೇನಾ?" ಎಂದು ಕೇಳಿ ಕುರ್ಚಿ ಕೊಟ್ಟರು. ಚೀಲ ಬಿಚ್ಚಿ ನೋಡಿದೆ. ನಾಣ್ಯಗಳು ಬೋಳು ಬೋಳಾಗಿದ್ದವು. "ದೇವರ ಭಂಡಾರ ಒರಸಾಕ ನಿಮಗ್ಯಾರ್ ಹೇಳಿದ್ರಿ" ಎಂದು ನಾನೂ ಬಿಡಲಿಲ್ಲ. ಒರೆಸದಿದ್ದರೆ ವರ್ಷ ಓದುವುದು ಹೇಗಮ್ಮ ಎಂದರು. ಅದು ಸರಿಯೇ ಇರಬಹುದು. ನನಗೆ ಸಿಟ್ಟು ಬಂದದ್ದೂ ಸರಿಯೇ. ಬರೆದುಕೊಟ್ಟು, ಸಹಿ ಮಾಡಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಊರಿಗೆ ಬಂದ ಮೇಲೆ ಮತ್ತೆ ಅದೇ ಜನ, ಅದೇ ಕಂಬಳಿ. ದೊಡ್ಡಪ್ಪ ಚೀಲ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟರು.

"ಹೆಣ್ಮಗಳ ಹೆಗಲಿಗೆ ಹಾಕಿದ್ದು ನಾ ಕಂಡಿಲ್ಲವ್ವ. ಕೈ ಏಳವಲ್ದು."

"ನೀವು ಹಾಕಬ್ಯಾಡ್ರಿ ದೊಡ್ಡಪ್ಪ. ನಾನೇ ಹಾಕ್ಕೊಂತೀನಿ."

ಅವರ ಕೈಯಿಂದ ತೆಗೆದುಕೊಂಡೆ, ಹೆಗಲಿಗೆ ಹಾಕಿಕೊಂಡೆ. ಅವರು ನನ್ನನ್ನು ನೋಡಿದರು, ಗೂಟವನ್ನು ನೋಡಿದರು, ಭಂಡಾರದ ಬಟ್ಟಲಿಗೆ ಬೆರಳಿಟ್ಟು ನನ್ನ ಹಣೆಗೆ ಹಚ್ಚಿದರು. ಅಷ್ಟಕ್ಕೆ ನಾನು ಅತ್ತುಬಿಟ್ಟೆ ಎಂದು ಶೃತಿ ನಿನಗೆ ಹೇಳಿದರೆ ನಂಬಬೇಡ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ನೀನು ಬರೆದದ್ದು ಒಳ್ಳೆಯದಾಯಿತು. ಆದರೆ ಎದುರಿಗೆ ಕೂತು ಆಡಬೇಕಾಗಿದ್ದ ಮಾತು ಸಮುದ್ರ ದಾಟಿ ಬರಬೇಕಾಯಿತು ಎಂದು ನೆನೆದಾಗಲೆಲ್ಲ ಮತ್ತೆ ಏರುತ್ತದೆ. ಬ್ಲಾಕ್ ತೆಗೆಸಿದ್ದೇನೆ. ಫೋನು ಮಾಡು, ಬೈಯುವುದು ಇನ್ನೂ ಇದೆ. ನೆಟ್‌ವರ್ಕ್ ಇಲ್ಲ ಎಂದರೆ ಕೇಳುವುದಿಲ್ಲ.

ಆ ಮೇಡಂ ನಿನ್ನನ್ನು ಕೇಳಿದ್ದರಲ್ಲ, ನೀವು ಗಳಿಸಿದ್ದು ಯಾವುದು ಎಂದು. ನಿನಗೆ ತೋಚಲಿಲ್ಲ. ನಾಣ್ಯಗಳಿಗೆ ಮತ್ತೆ ಭಂಡಾರ ಮುಟ್ಟಿಸುವಾಗ ನನಗೆ ಸಿಕ್ಕಿತು. ಸೋಗಿಯಲ್ಲಿ ಹೊಲದಾಕೆ ನಿನ್ನ ಅಂಗಾಲು ನೋಡಿ, ಮಗು ಇಷ್ಟು ದೂರ ನಡೆದು ಬಂದಿದೆಯಲ್ಲ ಎಂದು ನಿನ್ನ ಕೈಗೇ ಒಂದು ರೂಪಾಯಿ ಕೊಟ್ಟಿದ್ದಳು. ಮಿಠಾಯಿ ತಿನ್ನುತ್ತೇನೆ ಎಂದು ನೀನು ಹಟ ಹಿಡಿದೆ. ಅಪ್ಪ ಬಿಡಲಿಲ್ಲ. "ಇದು ನನ್ನ ಮಗ ನಡದು ತಂದಿದ್ದು" ಎಂದು ಚೀಲಕ್ಕೆ ಹಾಕಲು ಹೋದ. ನೀನು ಕಸಿದುಕೊಂಡು, ಸಿಟ್ಟಿಗೆ ಕಲ್ಲಿನ ಮೇಲಿಟ್ಟು ಕುಟ್ಟಿದೆ. ಅಂಚು ನಗ್ಗಿದ ಅದನ್ನೇ ಅಪ್ಪ ಚೀಲಕ್ಕೆ ಹಾಕಿದ. ನಮ್ಮ ಮನೆಯಲ್ಲಿ ಸಿಟ್ಟು ನನಗೊಬ್ಬಳಿಗೇ ಇದೆ ಎನ್ನುವವರಿಗೆ ನಾನು ಇದನ್ನು ತೋರಿಸಬೇಕು.

ಹೊಸ ನಾಣ್ಯವನ್ನು ಒಯ್ಯಬಹುದು ಎಂದು ಮೇಡಂ ನಿನಗೇ ಹೇಳಿದ್ದರಲ್ಲ. ಕಾಂತೇಶ್ ಸಂಕ್ರಾಂತಿಗೆ ಬಂದವನು ಈ ವಾರ ಹೊರಡುತ್ತಾನೆ, ಆ ರೂಪಾಯಿಯನ್ನು ಕಾಗದದಲ್ಲಿ ಮಡಿಸಿ ಅವನ ಅಂಗಿ ಜೇಬಿನಲ್ಲಿ ಕಳಿಸಿದ್ದೇನೆ. ಭಂಡಾರ ಹಚ್ಚಿಯೇ ಕಳಿಸಿದ್ದೇನೆ, ಒರೆಸಬೇಡ. ನಿನ್ನ ಮಾಲೀಕನ ಮುಂದೆ ಇಡು. ಬೆಳ್ಳಿಯದಲ್ಲ, ಆದರೂ ಇಡು. ನಕ್ಕರೆ, ಇದು ನಾನು ನಡೆದು ತಂದದ್ದು ಎಂದು ಹೇಳು.

ಕಾಗದ ಬಿಚ್ಚಿದಾಗ, ನೀನೇ ಕಲಿಸಿದ ಹಾಗೆ, ಮುಖ ಮುಟ್ಟದೆ ಅಂಚು ಹಿಡಿದು ಎತ್ತು. ಕುಟ್ಟಿದ ಜಾಗ ಬೆರಳಿಗೆ ಸಿಗುತ್ತದೆ.

ನಿನ್ನ
ಅಕ್ಕ